ಮಕ್ಕಳೊಂದಿಗೆ ಗ್ರ್ಯಾಂಡ್ ಕ್ಯಾನ್ಯನ್ ತಳಕ್ಕೆ: ಯಾವ ತಿಂಗಳು, ಎಷ್ಟು ದಿನ, ಎಷ್ಟು ನೀರು?

ಪ್ರಶ್ನೆ: ನಾವು ದಂಪತಿ, 13 ವರ್ಷದ ಮಗಳು, 9 ವರ್ಷದ ಮಗ ಮತ್ತು 66 ವರ್ಷದ ನನ್ನ ತಾಯಿ, ಒಟ್ಟು ಐದು ಜನ. ಮುಂದಿನ ಜೂನ್ ತಿಂಗಳಿನ ಶಾಲಾ ರಜೆಯಲ್ಲಿ ಅಮೆರಿಕದ ಅರಿಜೋನಾದಲ್ಲಿರುವ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗಿ, ಬೆನ್ನಿಗೆ ಚೀಲ ಹೊತ್ತು ಕೊಲೊರಾಡೊ ನದಿಯವರೆಗೆ ಇಳಿದು, ಒಂದು ರಾತ್ರಿ ಟೆಂಟಿನಲ್ಲಿ ತಂಗಿ, ಮರುದಿನ ಮೇಲೆ ಬರುವ ಯೋಚನೆಯಿದೆ. ಎಲ್ಲರಿಗೂ ಬೆಟ್ಟ ಹತ್ತಿ ಅಭ್ಯಾಸವಿದೆ. ಮರುಭೂಮಿಯಲ್ಲಿ ಮಾತ್ರ ನಡೆದಿಲ್ಲ. ಈ ಯೋಜನೆ ಸರಿಯೇ? ಏನೇನು ಸಿದ್ಧತೆ ಬೇಕು?

ಉತ್ತರ: ಒಂಬತ್ತು ವರ್ಷದ ಮಗುವನ್ನು ಕರೆದುಕೊಂಡು ಕಮರಿಯ ತಳಕ್ಕೆ ನಡೆದುಹೋಗಿ ಬರುವುದು ಸಾಧ್ಯ; ಪ್ರತಿ ವರ್ಷವೂ ಅನೇಕ ಕುಟುಂಬಗಳು ಹಾಗೆ ಹೋಗಿಬರುತ್ತವೆ. ಆದರೆ ನೀವು ಬರೆದಿರುವ ರೂಪದಲ್ಲಿ ಈ ಯೋಜನೆಯನ್ನು ನಾನು ಒಪ್ಪಲಾರೆ. ಜೂನ್ ತಿಂಗಳು ಬೇಡ, ಒಂದೇ ರಾತ್ರಿ ಸಾಲದು, ಮತ್ತು ನಿಮ್ಮ ತಾಯಿಯವರು ಮೇಲಿನ ಅಂಚಿನಲ್ಲಿಯೇ ಉಳಿಯುವುದು ಒಳ್ಳೆಯದು. ಅವರಿಗೆ ಅಲ್ಲಿ ಮಾಡುವುದಕ್ಕೆ ಒಂದು ಮುಖ್ಯ ಕೆಲಸವಿದೆ. ಅದರ ಮಾತು ಕೊನೆಯಲ್ಲಿ ಬರುತ್ತದೆ.

ಬೆಟ್ಟ ಹತ್ತಿ ಅಭ್ಯಾಸವಿರುವವರೇ ಈ ಕಮರಿಯಲ್ಲಿ ಲೆಕ್ಕ ತಪ್ಪುವುದು ಹೆಚ್ಚು ಎಂದರೆ ನಿಮಗೆ ವಿಚಿತ್ರವೆನಿಸಬಹುದು. ಬೆಟ್ಟದಲ್ಲಿ ಮೊದಲು ಏರು, ಆಮೇಲೆ ಇಳಿಜಾರು. ಕಾಲು ಸೋತಿತೆನಿಸಿದ ಕ್ಷಣದಲ್ಲಿ ಹಿಂದಿರುಗಿದರೆ ದಾರಿ ತಾನಾಗಿ ಹಗುರಾಗುತ್ತದೆ, ಏರಿದಂತೆಲ್ಲ ಗಾಳಿಯೂ ತಂಪಾಗುತ್ತದೆ. ಇಲ್ಲಿ ಎರಡೂ ತಿರುವುಮುರುವು. ಬೆಳಗಿನ ತಂಪಿನಲ್ಲಿ, ಹೊಸ ಹುರುಪಿನಲ್ಲಿ, ಸಲೀಸಾಗಿ ಇಳಿದುಹೋಗುತ್ತೀರಿ. ಇಳಿದಂತೆಲ್ಲ ಬಿಸಿ ಏರುತ್ತದೆ. ದಣಿದ ಮೇಲೆ, ಬಿಸಿಲು ನೆತ್ತಿಗೆ ಬಂದ ಮೇಲೆ, ನೀರು ಅರ್ಧ ಖಾಲಿಯಾದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಈ ರಾಷ್ಟ್ರೀಯ ಉದ್ಯಾನದಲ್ಲಿ ವರ್ಷವೊಂದಕ್ಕೆ 250ಕ್ಕೂ ಹೆಚ್ಚು ಜನರನ್ನು ರಕ್ಷಣಾ ಸಿಬ್ಬಂದಿ ಮೇಲೆತ್ತಿ ತರಬೇಕಾಗುವುದಕ್ಕೆ ಈ ತಿರುವುಮುರುವೇ ದೊಡ್ಡ ಕಾರಣ. ಹಾಗಾಗಿ ಇಡೀ ಪ್ರವಾಸದ ಲೆಕ್ಕವನ್ನು ಕೊನೆಯ ದಿನದ ಏರಿನಿಂದ ಹಿಂದಕ್ಕೆ ಹಾಕಿಕೊಂಡು ಬರಬೇಕು, ಅದೂ ನಿಮ್ಮಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಯಲ್ಲಿ.

ಅಂಕಿಗಳನ್ನು ನೋಡಿ. ದಕ್ಷಿಣ ಅಂಚಿನಿಂದ ನದಿಗೆ ಇಳಿಯಲು ಎರಡು ಮುಖ್ಯ ದಾರಿಗಳಿವೆ. ಸೌತ್ ಕೈಬಾಬ್ ದಾರಿ ಸಮುದ್ರಮಟ್ಟದಿಂದ ಸುಮಾರು 2,210 ಮೀಟರ್ ಎತ್ತರದಲ್ಲಿ ಆರಂಭವಾಗಿ, 11 ಕಿಲೋಮೀಟರಿನಲ್ಲಿ ಸುಮಾರು 1,450 ಮೀಟರ್ ಇಳಿದು, ತಳದ ಬ್ರೈಟ್ ಏಂಜೆಲ್ ಶಿಬಿರತಾಣವನ್ನು ಮುಟ್ಟುತ್ತದೆ. ಆ ದಾರಿಯುದ್ದಕ್ಕೂ ಒಂದು ತೊಟ್ಟು ನೀರು ಸಿಗುವುದಿಲ್ಲ, ನೆರಳೂ ಬಹಳ ಕಡಿಮೆ. ಬ್ರೈಟ್ ಏಂಜೆಲ್ ದಾರಿ ಉದ್ದ ಹೆಚ್ಚು, ಸುಮಾರು 15ರಿಂದ 16 ಕಿಲೋಮೀಟರ್; ಆದರೆ ಅಲ್ಲಲ್ಲಿ ನೀರು, ವಿಶ್ರಾಂತಿ ಮನೆಗಳು ಮತ್ತು ತುರ್ತು ದೂರವಾಣಿ ಇವೆ, ನಡುವೆ ಮರಗಳಿರುವ ಒಂದು ಶಿಬಿರತಾಣವೂ ಇದೆ. ಇಳಿಯುವುದು ಸೌತ್ ಕೈಬಾಬ್‌ನಲ್ಲಿ, ಏರುವುದು ಬ್ರೈಟ್ ಏಂಜೆಲ್‌ನಲ್ಲಿ ಎಂಬುದು ಅಲ್ಲಿಯ ಹಳೆಯ ಪದ್ಧತಿ. ನೀವೂ ಅದನ್ನೇ ಪಾಲಿಸಿ. ಫಲಕಗಳಲ್ಲಿ ದೂರವೆಲ್ಲ ಮೈಲಿಯಲ್ಲಿಯೂ ಎತ್ತರವೆಲ್ಲ ಅಡಿಯಲ್ಲಿಯೂ ಇರುತ್ತದೆ. ಆದರೆ ಕಮರಿಯಲ್ಲಿ ದೂರಕ್ಕೆ ಅಷ್ಟು ಅರ್ಥವಿಲ್ಲದ ಕಾರಣ ಗಂಟೆಯಲ್ಲಿ ಯೋಚಿಸಿ: ಇಳಿಯಲು ಹಿಡಿದ ಸಮಯದ ಎರಡರಷ್ಟು ಏರಲು ಬೇಕು ಎಂಬುದು ದೊಡ್ಡವರಿಗೂ ಅನ್ವಯಿಸುವ ಲೆಕ್ಕ.

ಈಗ ತಿಂಗಳಿನ ವಿಷಯ. ಜೂನ್‌ನಲ್ಲಿ ದಕ್ಷಿಣ ಅಂಚಿನ ಮೇಲೆ ಸರಾಸರಿ ಗರಿಷ್ಠ ಉಷ್ಣತೆ ಸುಮಾರು 27 ಡಿಗ್ರಿ ಸೆಲ್ಸಿಯಸ್. ಹಿತವಾಗಿರುತ್ತದೆ, ಆ ಹಿತವೇ ಜನರನ್ನು ಮೋಸಗೊಳಿಸುತ್ತದೆ. ಅದೇ ದಿನ ಅದೇ ಹೊತ್ತಿಗೆ ತಳದಲ್ಲಿ 38 ಡಿಗ್ರಿ ಇರುತ್ತದೆ, ಜುಲೈನಲ್ಲಿ 41. ಇವು ನೆರಳಿನಲ್ಲಿ ಅಳೆದ ಸರಾಸರಿಗಳು. ಬಂಡೆಯ ಪಕ್ಕದ ಬಿಸಿಲಿನಲ್ಲಿ ಮೈಗೆ ತಾಗುವ ಕಾವು ಇದಕ್ಕಿಂತ ಬಹಳ ಹೆಚ್ಚು. ನದಿಯ ಇಕ್ಕೆಲದಲ್ಲಿ ನಿಂತಿರುವ ವಿಷ್ಣು ಶಿಸ್ಟ್ ಎಂಬ ಕಪ್ಪುಶಿಲೆ ಹಗಲೆಲ್ಲ ಕಾದು ರಾತ್ರಿಯಿಡೀ ಆ ಶಾಖವನ್ನು ಹೊರಬಿಡುತ್ತದೆಯಾದ್ದರಿಂದ ಬೇಸಗೆಯ ರಾತ್ರಿಯಲ್ಲಿ ಮಕ್ಕಳಿಗೆ ನಿದ್ದೆಯೂ ಹತ್ತುವುದಿಲ್ಲ. ಬೇಸಗೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಕಮರಿಯೊಳಗೆ ನಡೆಯಲೇಬೇಡಿ ಎಂದು ಉದ್ಯಾನದವರೇ ಹೇಳುತ್ತಾರೆ. ಹಾಗಾದರೆ ಉಳಿಯುವುದು ಕತ್ತಲೆಯ ಹೊತ್ತು ಮತ್ತು ಮುಂಜಾವಿನ ನಾಲ್ಕು ಗಂಟೆಗಳು; ಒಂಬತ್ತು ವರ್ಷದ ಮಗುವಿನೊಂದಿಗೆ ಒಂದೇ ದಿನದಲ್ಲಿ 1,335 ಮೀಟರ್ ಏರಲು ಅಷ್ಟು ಸಾಲುವುದಿಲ್ಲ. ಮಗುವಿನ ದೇಹ ದೊಡ್ಡವರಷ್ಟು ಬೆವರುವುದಿಲ್ಲ. ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚಿರುವುದರಿಂದ ಹೊರಗಿನ ಬಿಸಿಯನ್ನು ಬೇಗ ಹೀರಿಕೊಳ್ಳುತ್ತದೆ. ಆಟದ ಹುಮ್ಮಸ್ಸಿನಲ್ಲಿರುವ ಮಗು ತನಗೆ ಸುಸ್ತಾಗಿದೆ ಎಂದು ಬಾಯಿಬಿಟ್ಟು ಹೇಳುವುದೂ ತಡವಾಗಿಯೇ.

ಏಪ್ರಿಲ್ ಮತ್ತು ಅಕ್ಟೋಬರ್ ನಿಮಗೆ ಸೂಕ್ತ. ಎರಡರಲ್ಲಿಯೂ ತಳದಲ್ಲಿ ಹಗಲು 28 ಡಿಗ್ರಿಯ ಆಸುಪಾಸು, ರಾತ್ರಿ 13ರಿಂದ 14. ಅಂಚಿನ ಮೇಲೆ ಮಾತ್ರ ರಾತ್ರಿ ಸೊನ್ನೆಯ ಹತ್ತಿರಕ್ಕೆ ಹೋಗುತ್ತದೆ, ಏಪ್ರಿಲ್ ಆರಂಭದಲ್ಲಿ ಬ್ರೈಟ್ ಏಂಜೆಲ್ ದಾರಿಯ ಮೇಲ್ಭಾಗದ ನೆರಳಿನ ತಿರುವುಗಳಲ್ಲಿ ಹೆಪ್ಪುಗಟ್ಟಿದ ಮಂಜು ಉಳಿದಿರಬಹುದು. ಎರಡರಲ್ಲಿ ಆಯ್ದುಕೊಳ್ಳುವುದಾದರೆ ನಾನು ಅಕ್ಟೋಬರ್ ಎನ್ನುತ್ತೇನೆ: ಜಾರುವ ಮಂಜಿನ ಚಿಂತೆ ಇಲ್ಲ, ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ಹಠಾತ್ ಪ್ರವಾಹಗಳೂ ಅಷ್ಟು ಹೊತ್ತಿಗೆ ಕಡಿಮೆಯಾಗಿರುತ್ತವೆ. ಶಾಲೆಗೆ ಒಂದು ವಾರ ರಜೆ ಹಾಕಿಸಬೇಕಾಗುತ್ತದೆ. ಜೂನ್ ಬಿಟ್ಟರೆ ಬೇರೆ ದಾರಿಯೇ ಇಲ್ಲವೆಂದಾದರೆ ತಳದ ಆಸೆಯನ್ನು ಬಿಟ್ಟು, ಅಂಚಿನಿಂದ ಮುಂಜಾನೆ ಒಂದೆರಡು ಗಂಟೆ ಇಳಿದು ಬಿಸಿಲೇರುವ ಮೊದಲು ಮೇಲೆ ಬಂದುಬಿಡಿ. ಅದಕ್ಕೆ ಪರವಾನಗಿಯೂ ಬೇಕಿಲ್ಲ.

ರಾತ್ರಿ ತಂಗುವುದಕ್ಕೆ ಮಾತ್ರ ಪರವಾನಗಿ ಕಡ್ಡಾಯ. ಇದನ್ನು ತಿಂಗಳುಗಳ ಮೊದಲೇ ಅಮೆರಿಕ ಸರ್ಕಾರದ ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಲಾಟರಿಯ ಮೂಲಕ ಹಂಚುತ್ತಾರೆ. ತಳದ ಶಿಬಿರತಾಣಗಳಿಗೆ ಬೇಡಿಕೆ ವಿಪರೀತ. ಒಂದೇ ದಿನಾಂಕಕ್ಕೆ ಜೋತುಬಿದ್ದರೆ ಸಿಗುವುದು ಕಷ್ಟ, ವಾರದ ನಡುವಿನ ದಿನಗಳನ್ನೂ ಸೇರಿಸಿ ಮೂರು ನಾಲ್ಕು ಪರ್ಯಾಯಗಳನ್ನು ಸಿದ್ಧವಾಗಿಟ್ಟುಕೊಳ್ಳಿ. ವಿಮಾನದ ಟಿಕೆಟನ್ನು ಪರವಾನಗಿ ಕೈಗೆ ಬಂದ ಮೇಲೆಯೇ ಕೊಳ್ಳಬೇಕು. ಇದರ ಕ್ರಮ ತಪ್ಪಿಸಿ ಪೇಚಿಗೆ ಸಿಕ್ಕವರು ಕಡಿಮೆಯೇನಿಲ್ಲ.

ನಾನು ಸೂಚಿಸುವುದು ಮೂರು ರಾತ್ರಿ, ನಾಲ್ಕು ಹಗಲಿನ ಪ್ರಯಾಣ: ಎರಡು ರಾತ್ರಿ ತಳದ ಬ್ರೈಟ್ ಏಂಜೆಲ್ ಶಿಬಿರತಾಣದಲ್ಲಿ, ಒಂದು ರಾತ್ರಿ ಅರ್ಧದಾರಿಯ ಹವಸುಪಾಯಿ ಗಾರ್ಡನ್ಸ್‌ನಲ್ಲಿ. ಒಂದೇ ರಾತ್ರಿ ಏಕೆ ಸಾಲದು ಎಂದು ಕೇಳಬಹುದು. ಭಾರ ಹೊತ್ತು 1,450 ಮೀಟರ್ ಇಳಿದಾಗ ತೊಡೆಯ ಸ್ನಾಯುಗಳು ಪ್ರತಿ ಹೆಜ್ಜೆಯಲ್ಲಿಯೂ ಎಳೆದುಕೊಂಡೇ ಭಾರ ತಡೆಯುತ್ತವೆ. ಅದರ ನೋವು ಕಾಣಿಸಿಕೊಳ್ಳುವುದು ಅಂದು ಸಂಜೆ ಅಲ್ಲ, ಮರುದಿನ. ನಿಮ್ಮ ಯೋಜನೆಯಲ್ಲಿ ಆ ನೋವು ಹಿಡಿದ ದಿನವೇ ಪೂರ್ತಿ ಏರು ಬರುತ್ತದೆ. ಅದರ ಬದಲು ಆ ದಿನವನ್ನು ತಳದಲ್ಲಿ ಕಳೆದರೆ ಕಾಲಿಗೆ ಬಿಡುವು ಸಿಗುತ್ತದೆ. ಮಕ್ಕಳಿಗಂತೂ ಇಡೀ ಪ್ರವಾಸದಲ್ಲಿ ನೆನಪಿನಲ್ಲಿ ಉಳಿಯುವ ದಿನ ಅದೇ ಆಗಿರುತ್ತದೆ.

ಮೊದಲ ದಿನ ಸೂರ್ಯೋದಯಕ್ಕೆ ಮೊದಲೇ ಹೊರಡಿ. ಸೌತ್ ಕೈಬಾಬ್ ದಾರಿಯ ತುದಿಗೆ ಸ್ವಂತ ಕಾರು ಬಿಡುವುದಿಲ್ಲ, ಉದ್ಯಾನದ ಉಚಿತ ಬಸ್ಸಿನಲ್ಲಿಯೇ ಹೋಗಬೇಕು. (ಗಡಿಯಾರದ ಬಗ್ಗೆ ಒಂದು ಮಾತು: ಅಮೆರಿಕದ ಬಹುಭಾಗ ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತದೆ, ಅರಿಜೋನಾ ತಿರುಗಿಸುವುದಿಲ್ಲ, ಆದರೆ ಪಕ್ಕದ ನವಾಹೊ ಬುಡಕಟ್ಟಿನ ಪ್ರದೇಶ ತಿರುಗಿಸುತ್ತದೆ. ಪೂರ್ವದ ಕಡೆಯಿಂದ ಬರುವವರ ಮೊಬೈಲು ಒಂದು ಗಂಟೆ ಆಚೀಚೆ ತೋರಿಸಿ ಮುಂಜಾನೆಯ ಬಸ್ಸು ತಪ್ಪಿಸುವುದುಂಟು.) ಈ ದಾರಿ ಕೊರಕಲಿನೊಳಗೆ ಹೋಗದೆ ದಿಣ್ಣೆಯ ಬೆನ್ನಿನ ಮೇಲೆಯೇ ಇಳಿಯುವುದರಿಂದ ಎರಡೂ ಬದಿಗೆ ಕಮರಿ ತೆರೆದುಕೊಂಡು ಕಾಣುತ್ತಿರುತ್ತದೆ. 2.4 ಕಿಲೋಮೀಟರಿಗೆ ಸೀಡರ್ ರಿಜ್, ಅಲ್ಲಿ ಶೌಚಾಲಯವಿದೆ, 4.8 ಕಿಲೋಮೀಟರಿಗೆ ಸ್ಕೆಲಿಟನ್ ಪಾಯಿಂಟ್, ಅಲ್ಲಿ ನದಿ ಕಣ್ಣಿಗೆ ಬೀಳುತ್ತದೆ. ಮಕ್ಕಳ ಹೆಜ್ಜೆಯಲ್ಲಿ ತಳ ಮುಟ್ಟಲು ಆರು ಏಳು ಗಂಟೆ ಇಟ್ಟುಕೊಳ್ಳಿ. ಕೊನೆಯಲ್ಲಿ ಬಂಡೆ ಕೊರೆದ ಒಂದು ಸಣ್ಣ ಸುರಂಗ, ಅದರಿಂದ ಹೊರಬಂದ ಕೂಡಲೇ ಕಾಲಡಿಗೆ 1928ರಲ್ಲಿ ಕಟ್ಟಿದ ತೂಗುಸೇತುವೆ. ನಿಮ್ಮ ಮಗ ದಣಿವನ್ನೆಲ್ಲ ಅಲ್ಲಿ ಮರೆಯುತ್ತಾನೆ.

ದಾರಿಯಲ್ಲಿ ಹೇಸರಗತ್ತೆಗಳ ಸಾಲು ಎದುರಾದರೆ ನಡೆಸುವವರು ಹೇಳಿದ ಕಡೆ, ಸಾಮಾನ್ಯವಾಗಿ ಗುಡ್ಡದ ಬದಿಗೆ, ಸರಿದು ಸದ್ದಿಲ್ಲದೆ ನಿಲ್ಲಬೇಕು. ಕೊನೆಯ ಪ್ರಾಣಿ ಹದಿನೈದು ಮೀಟರಿನಷ್ಟು ದಾಟಿಹೋಗುವವರೆಗೆ ಕದಲಬಾರದು. ಪ್ರಪಾತದ ಬದಿಗೆ ಮಕ್ಕಳನ್ನು ನಿಲ್ಲಿಸಕೂಡದು.

ಎರಡನೆಯ ದಿನ ಎಲ್ಲಿಗೂ ಹೋಗಬೇಡಿ. ಶಿಬಿರತಾಣದ ಪಕ್ಕದಲ್ಲಿಯೇ ಬ್ರೈಟ್ ಏಂಜೆಲ್ ತೊರೆ ಹರಿಯುತ್ತದೆ. ಆಕಾಶ ತಿಳಿಯಾಗಿರುವಾಗ ಅದರಲ್ಲಿ ಕಾಲಾಡಿಸಿ ಕೂರಬಹುದು, ಮಕ್ಕಳು ಕಲ್ಲು ಜೋಡಿಸಿ ಆಡಬಹುದು. ಕೊಲೊರಾಡೊ ನದಿಗೆ ಮಾತ್ರ ಯಾರೂ ಇಳಿಯಕೂಡದು, ಮೊಣಕಾಲುದ್ದ ನೀರಿಗೂ. ಮೇಲ್ಗಡೆಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಜಲಾಶಯದ ಆಳದಿಂದ ನೀರು ಬಿಡುವುದರಿಂದ ನದಿ ತಣ್ಣಗೆ ಕೊರೆಯುತ್ತಿರುತ್ತದೆ. ಮೇಲೆ ನೋಡಿದಾಗ ಶಾಂತವಾಗಿ ಕಾಣುವ ಸೆಳೆತ ಒಳ್ಳೆಯ ಈಜುಗಾರರನ್ನೂ ಬಿಟ್ಟಿಲ್ಲ. ತೊರೆಯ ಮೇಲ್ಗಡೆ ಅರ್ಧ ಗಂಟೆಯೊಳಗಿನ ನಡಿಗೆಯಲ್ಲಿ ಫ್ಯಾಂಟಮ್ ರ‍್ಯಾಂಚ್ ಇದೆ. ಮೇರಿ ಕಾಲ್ಟರ್ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ, 1922ರಲ್ಲಿ ತೆರೆದ ಈ ಕಲ್ಲಿನ ಮನೆಗಳಿಗೆ ಈಗಲೂ ಮೋಟಾರು ರಸ್ತೆಯಿಲ್ಲ, ಸಾಮಾನೆಲ್ಲ ಹೇಸರಗತ್ತೆಗಳ ಬೆನ್ನಿನ ಮೇಲೆ ಬರುತ್ತದೆ. ಹಣ ಕೊಟ್ಟರೆ ಸುಮಾರು 13 ಕಿಲೋ ತೂಕದವರೆಗಿನ ಒಂದು ಚೀಲವನ್ನು ಮೇಲಿನಿಂದ ಅಲ್ಲಿಗೆ ಹೇಸರಗತ್ತೆಯ ಮೇಲೆ ಕಳುಹಿಸುವ ಸೇವೆಯೂ ಇದೆ. ಟೆಂಟು, ಮಲಗುವ ಚೀಲಗಳನ್ನು ಹಾಗೆ ಕಳುಹಿಸಿದರೆ ಮೊದಲ ದಿನದ ಮಂಡಿನೋವು ಎಷ್ಟೋ ತಪ್ಪುತ್ತದೆ. ಅಭಿಮಾನಕ್ಕೆ ಬಿದ್ದು ಬೇಡವೆನ್ನಬೇಡಿ.

ಮೂರನೆಯ ದಿನ ಮುಂಜಾನೆ ಐದಕ್ಕೆ ಹೊರಟು, ನದಿಯ ದಂಡೆಯ ಮರಳುದಾರಿ ದಾಟಿ, ಡೆವಿಲ್ಸ್ ಕಾರ್ಕ್‌ಸ್ಕ್ರೂ ಎಂಬ ಹಾವಿನಂತೆ ಸುತ್ತುವ ಏರನ್ನು ಬಿಸಿಲು ಬೀಳುವ ಮುನ್ನ ಹತ್ತಿಬಿಡಿ. ಹವಸುಪಾಯಿ ಗಾರ್ಡನ್ಸ್‌ಗೆ ಒಟ್ಟು ಏರು 400 ಮೀಟರ್ ಮಾತ್ರ, ಹತ್ತು ಗಂಟೆಯೊಳಗೆ ತಲುಪಿ ಪಾಪ್ಲರ್ ಜಾತಿಯ ಕಾಟನ್‌ವುಡ್ ಮರಗಳ ನೆರಳಿನಲ್ಲಿ ಇಡೀ ಹಗಲು ಕಳೆಯಬಹುದು. ಸಂಜೆ ಮನಸ್ಸಾದರೆ 2.4 ಕಿಲೋಮೀಟರ್ ಸಮತಟ್ಟು ದಾರಿಯಲ್ಲಿ ಪ್ಲಾಟೊ ಪಾಯಿಂಟಿಗೆ ಹೋಗಿ, ಹಿಂದಿನ ದಿನ ತಾವೇ ಕುಳಿತಿದ್ದ ನದಿಯನ್ನು ಕೆಳಗೆ ನೋಡಬಹುದು. ಹಳೆಯ ನಕಾಶೆಗಳಲ್ಲಿ ಈ ಜಾಗ ಇಂಡಿಯನ್ ಗಾರ್ಡನ್ ಎಂದಿರುತ್ತದೆ, ಗೊಂದಲ ಬೇಡ. ಇಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದ ಹವಸುಪಾಯಿ ಜನರನ್ನು ಉದ್ಯಾನ ಆದ ಮೇಲೆ ಹೊರಗಟ್ಟಲಾಯಿತು. ಅವರಲ್ಲಿ ಕೊನೆಯವರು 1928ರಲ್ಲಿ ಜಾಗ ಬಿಟ್ಟರು. ಆ ಸಮುದಾಯದ ಕೋರಿಕೆಯಂತೆ 2022ರಲ್ಲಿ ಈಗಿನ ಹೆಸರು ಬಂತು. ನೆರಳಿನಲ್ಲಿ ಕುಳಿತಿರುವಾಗ ಮಕ್ಕಳಿಗೆ ಇದನ್ನೂ ಹೇಳಿ.

ನಾಲ್ಕನೆಯ ದಿನ ಉಳಿದಿರುವುದು 7.2 ಕಿಲೋಮೀಟರ್ ದೂರ, 930 ಮೀಟರ್ ಏರು. ಐದರಿಂದ ಏಳು ಗಂಟೆ ಹಿಡಿಯುತ್ತದೆ. ಮುಂದೆ ನಡೆಯುವವನು ನಿಮ್ಮ ಮಗನಾಗಿರಲಿ, ಅವನ ಹಿಂದೆ ಉಳಿದವರು. ಮಾತನಾಡಿಕೊಂಡು ಹೋಗಲು ಆಗುವಷ್ಟು ನಿಧಾನವೇ ಸರಿಯಾದ ವೇಗ. ಏದುಸಿರು ಬಂತೆಂದರೆ ವೇಗ ಹೆಚ್ಚಾಯಿತು. ಗಂಟೆಗೊಮ್ಮೆ ಹತ್ತು ನಿಮಿಷ ಚೀಲ ಇಳಿಸಿ, ಕಾಲನ್ನು ಎತ್ತರದ ಕಲ್ಲಿನ ಮೇಲೆ ಚಾಚಿ ಕುಳಿತುಕೊಳ್ಳಿ. ದಾರಿಯಲ್ಲಿ ಕೆಂಪು ಗೋಡೆಯಂತೆ ನಿಂತಿರುವ ರೆಡ್‌ವಾಲ್ ಸುಣ್ಣಕಲ್ಲು ಒಳಗೆ ಬೂದುಬಣ್ಣದ್ದು. ಮೇಲಿನ ಪದರಗಳಿಂದ ಮಳೆನೀರು ತೊಳೆದು ತಂದ ಕಬ್ಬಿಣದ ತುಕ್ಕು ಅದಕ್ಕೆ ಬಣ್ಣ ಬಳಿದಿದೆ. ತಳದ ಕಪ್ಪುಶಿಲೆಯ ವಯಸ್ಸು ಸುಮಾರು 170 ಕೋಟಿ ವರ್ಷ, ಅಂಚಿನ ಬಿಳಿಚು ಸುಣ್ಣಕಲ್ಲಿನದು 27 ಕೋಟಿ. ಒಂದೊಂದು ಪದರ ದಾಟಿದಾಗಲೂ ಮಗಳು ಅದನ್ನು ಪುಸ್ತಕದಲ್ಲಿ ಗುರುತು ಹಾಕುತ್ತ ಬಂದರೆ ಇನ್ನೆಷ್ಟು ದೂರ ಎಂಬ ಪ್ರಶ್ನೆ ಕಡಿಮೆಯಾಗುತ್ತದೆ.

ಇನ್ನು ನೀರು. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮರುಭೂಮಿಯೆಂದ ಕೂಡಲೇ ಎಲ್ಲರೂ ನೀರು ಕುಡಿಯಿರಿ ಎಂದಷ್ಟೇ ಹೇಳುತ್ತಾರೆ, ಅರ್ಧ ಮಾತು ಹೇಳಿ ಬಿಡುತ್ತಾರೆ. ಅಕ್ಟೋಬರ್ ಹವೆಯಲ್ಲಿ ನಡೆಯುವಾಗ ದೊಡ್ಡವರಿಗೆ ಗಂಟೆಗೆ ಸುಮಾರು ಅರ್ಧ ಲೀಟರ್, ಬಿಸಿಲು ಹೆಚ್ಚಿದರೆ ಮುಕ್ಕಾಲು ಲೀಟರ್ ಬೇಕಾಗುತ್ತದೆ. ನೀರಿಲ್ಲದ ಸೌತ್ ಕೈಬಾಬ್‌ಗೆ ಹೊರಡುವಾಗ ದೊಡ್ಡವರು ತಲಾ ನಾಲ್ಕು ಲೀಟರ್, ಮಕ್ಕಳು ತಲಾ ಎರಡು ಲೀಟರ್ ಹೊತ್ತಿರಬೇಕು. ಆದರೆ ಬೆವರಿನಲ್ಲಿ ಹೋಗುವುದು ಬರೀ ನೀರಲ್ಲ, ಉಪ್ಪೂ ಹೌದು. ಒಣಗಾಳಿಯಲ್ಲಿ ಬೆವರು ಬಂದ ಕೂಡಲೇ ಆರಿಹೋಗುವುದರಿಂದ ಎಷ್ಟು ಉಪ್ಪು ಹೋಯಿತೆಂಬುದೇ ಗೊತ್ತಾಗುವುದಿಲ್ಲ. ಅಂಗಿಯ ಮೇಲೆ ಬಿಳಿಯ ಗೆರೆ ಕಂಡರೆ ಅದೇ ಸಾಕ್ಷಿ. ಊಟ ಮಾಡದೆ ನೀರನ್ನಷ್ಟೇ ಕುಡಿಯುತ್ತ ಹೋದವರ ರಕ್ತದಲ್ಲಿ ಸೋಡಿಯಂ ಪ್ರಮಾಣ ಕುಸಿದು ತಲೆನೋವು, ವಾಕರಿಕೆ, ಗೊಂದಲ, ಕೊನೆಗೆ ಸೆಳವು ಬರಬಹುದು. ಮೇಲುನೋಟಕ್ಕೆ ಇದು ಬಿಸಿಲಿನ ಬಳಲಿಕೆಯಂತೆಯೇ ಕಾಣುವುದರಿಂದ ಜೊತೆಯವರು ಇನ್ನಷ್ಟು ನೀರು ಕುಡಿಸಿ ಕೆಡಿಸುತ್ತಾರೆ. ಬ್ರೈಟ್ ಏಂಜೆಲ್ ದಾರಿಯ ವಿಶ್ರಾಂತಿ ಮನೆಯೊಂದರ ಬಳಿ ವಾಂತಿ ಮಾಡಿಕೊಳ್ಳುತ್ತಿದ್ದ ಹುಡುಗನೊಬ್ಬನಿಗೆ ಅವನ ತಂದೆ ಬಾಟಲಿ ಹಿಡಿದು ಒತ್ತಾಯಿಸುತ್ತಿದ್ದುದನ್ನು ನಾನು ಕಂಡಿದ್ದೇನೆ. ವಿಚಾರಿಸಿದರೆ ಬೆಳಗಿನಿಂದ ಆ ಹುಡುಗ ಒಂದು ಬಿಸ್ಕತ್ತನ್ನೂ ತಿಂದಿರಲಿಲ್ಲ.

ಹಾಗಾಗಿ ನೀರು ಕುಡಿದಾಗಲೆಲ್ಲ ಉಪ್ಪಿನದೇನಾದರೂ ಬಾಯಿಗೆ ಬೀಳಲಿ: ಉಪ್ಪು ಹುರಿದ ಕಡಲೆಬೀಜ, ಉಪ್ಪು ಬಿಸ್ಕತ್ತು, ಚಿಪ್ಸ್. ಮನೆಯಲ್ಲಿ ಮಕ್ಕಳಿಗೆ ಬೇಡವೆನ್ನುವ ತಿಂಡಿಗಳೇ ಇಲ್ಲಿ ಔಷಧ. ಓಆರ್‌ಎಸ್ ಪೊಟ್ಟಣಗಳನ್ನು ದಿನಕ್ಕೆ ತಲಾ ಒಂದರಂತೆ ಇಟ್ಟುಕೊಳ್ಳಿ. ಮೂತ್ರ ಗಾಢವಾಗಿದ್ದರೆ ನೀರು ಸಾಲದು. ನೀರಿನಷ್ಟು ತಿಳಿಯಾಗಿ ಮತ್ತೆ ಮತ್ತೆ ಬರುತ್ತಿದ್ದರೆ ನೀರು ನಿಲ್ಲಿಸಿ ತಿನ್ನಬೇಕು. ಯಾರಾದರೂ ಅಸಂಬದ್ಧವಾಗಿ ಮಾತನಾಡತೊಡಗಿದರೆ, ತೂರಾಡಿದರೆ, ಅದು ಬಿಸಿಲಾಘಾತವೋ ಸೋಡಿಯಂ ಕೊರತೆಯೋ ಎಂದು ಯೋಚಿಸುತ್ತ ಕೂರಬೇಡಿ. ನೆರಳಿಗೆ ಸರಿಸಿ, ಮೈ ಬಿಸಿಯಿದ್ದರೆ ಬಟ್ಟೆ ತೋಯಿಸಿ ಗಾಳಿ ಹಾಕುತ್ತ, ಇನ್ನೊಬ್ಬರು ತುರ್ತು ದೂರವಾಣಿಗೋ ರೇಂಜರ್ ಇರುವಲ್ಲಿಗೋ ಹೋಗಬೇಕು. ಕಮರಿಯೊಳಗೆ ಮೊಬೈಲು ಸಂಕೇತವನ್ನು ನಂಬಿ ಕೂರುವಂತಿಲ್ಲ.

ನಲ್ಲಿಗಳ ವಿಷಯದಲ್ಲಿಯೂ ಪೂರ್ಣ ಭರವಸೆ ಬೇಡ. ಉತ್ತರ ಭಾಗದ ರೋರಿಂಗ್ ಸ್ಪ್ರಿಂಗ್ಸ್ ಎಂಬ ಬುಗ್ಗೆಯಿಂದ ಕಮರಿಯನ್ನು ಅಡ್ಡ ದಾಟಿ ದಕ್ಷಿಣಕ್ಕೆ ನೀರು ತರುವ 20 ಕಿಲೋಮೀಟರ್ ಉದ್ದದ ಕೊಳವೆಯನ್ನು 1960ರ ದಶಕದಲ್ಲಿ ಹಾಕಿದ್ದು. ಅದು ಮತ್ತೆ ಮತ್ತೆ ಒಡೆಯುತ್ತದೆ. 2024ರ ಆಗಸ್ಟ್ ಕೊನೆಯಲ್ಲಿ ಒಡೆದಾಗ ದಕ್ಷಿಣ ಅಂಚಿನ ವಸತಿಗೃಹಗಳಲ್ಲಿ ರಾತ್ರಿ ತಂಗುವುದನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು. ಕೊಳವೆ ಬದಲಿಸುವ ಕಾಮಗಾರಿಗಾಗಿ ದಾರಿಯ ಭಾಗಗಳನ್ನು ಮುಚ್ಚುವುದೂ ಉಂಟು. ಹೊರಡುವ ಹಿಂದಿನ ದಿನ ರೇಂಜರುಗಳ ಕಚೇರಿಯಲ್ಲಿ ಯಾವ ನಲ್ಲಿ ನಡೆಯುತ್ತಿದೆ, ಯಾವ ದಾರಿ ತೆರೆದಿದೆ ಎಂದು ಕೇಳಿ ಬರೆದುಕೊಳ್ಳಿ. ತೊರೆಯ ನೀರನ್ನು ಶುದ್ಧೀಕರಿಸುವ ಫಿಲ್ಟರ್ ಒಂದು, ಅದು ಕೈಕೊಟ್ಟರೆಂದು ಮಾತ್ರೆಗಳು ಒಂದಿಷ್ಟು, ಚೀಲದಲ್ಲಿ ಇರಲೇಬೇಕು.

ಚೀಲದ ತೂಕದ ಬಗ್ಗೆ: ಮಗನ ಬೆನ್ನಿಗೆ ಅವನ ತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ, ಎಂದರೆ ಅವನ ನೀರು, ತಿಂಡಿ, ಒಂದು ಬೆಚ್ಚನೆಯ ಅಂಗಿ, ಸೀಟಿ. ಮಗಳಿಗೆ ಇನ್ನೊಂದಿಷ್ಟು ಹೊರಿಸಬಹುದು. ನೀವಿಬ್ಬರು ತಲಾ 14 ಕಿಲೋ ದಾಟದಂತೆ ನೋಡಿಕೊಳ್ಳಿ. ಜೀನ್ಸ್ ಬೇಡ. ಅಗಲ ಅಂಚಿನ ಟೋಪಿ, ತುಂಬುತೋಳಿನ ತೆಳು ಅಂಗಿ, ಈಗಾಗಲೇ ಕಾಲಿಗೆ ಹೊಂದಿಕೊಂಡಿರುವ ಬೂಟು, ಇಳಿಯುವಾಗ ಮಂಡಿಗೆ ಆಸರೆಯಾಗುವ ಊರುಗೋಲು, ತಲೆಗೆ ಕಟ್ಟುವ ಟಾರ್ಚು. ಹೊರಡುವ ಎರಡು ದಿನ ಮೊದಲು ಎಲ್ಲರ ಕಾಲುಗುರು ಕತ್ತರಿಸಿ. ಇಳಿಜಾರಿನಲ್ಲಿ ಬೆರಳು ಬೂಟಿನ ತುದಿಗೆ ಗುದ್ದುತ್ತಲೇ ಇರುವುದರಿಂದ ಉದ್ದ ಉಗುರು ಕಪ್ಪಾಗಿ ಕಿತ್ತುಬರುತ್ತದೆ. ಹಿಮ್ಮಡಿಯಲ್ಲಿ ಉರಿ ಶುರುವಾದ ಕೂಡಲೇ ನಿಂತು ಟೇಪು ಅಂಟಿಸಬೇಕು, ಗುಳ್ಳೆ ಎದ್ದ ಮೇಲೆ ಅಲ್ಲ. ಸೌದೆ ಉರಿಸುವಂತಿಲ್ಲ, ಅಡುಗೆಗೆ ಸಣ್ಣ ಗ್ಯಾಸ್ ಸ್ಟವ್ ಬೇಕು. ವಿಮಾನದಲ್ಲಿ ಅದರ ಡಬ್ಬಿ ಒಯ್ಯಲು ಬಿಡುವುದಿಲ್ಲ, ಅಲ್ಲಿ ಇಳಿದ ಮೇಲೆ ಕೊಳ್ಳಿ. ಕಸವನ್ನೆಲ್ಲ ಮೇಲೆ ಹೊತ್ತು ತರಬೇಕು.

ಹಾವು ಚೇಳುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ನಿಜವಾಗಿ ಕಾಟ ಕೊಡುವುದು ಅಳಿಲು. ಮನುಷ್ಯರ ಕೈಯಿಂದ ತಿಂದು ಸಲಿಗೆ ಬೆಳೆದ ಅಳಿಲುಗಳು ಚೀಲ ಕಚ್ಚಿ ತೂತು ಮಾಡುತ್ತವೆ, ಬೆರಳನ್ನೂ ಕಚ್ಚುತ್ತವೆ. ಕಾಗೆಗಳು ಜಿಪ್ಪು ತೆರೆಯುವುದನ್ನು ಕಲಿತಿವೆ. ತಿನ್ನುವುದನ್ನೆಲ್ಲ ಶಿಬಿರತಾಣದ ಕಬ್ಬಿಣದ ಪೆಟ್ಟಿಗೆಯೊಳಗಿಡಿ, ಚೀಲವನ್ನು ಅಲ್ಲಿಯೇ ನೆಟ್ಟಿರುವ ಕಂಬಕ್ಕೆ ತೂಗುಹಾಕಿ. ಚೇಳಿಗಾಗಿ ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಂಡರೆ ಸಾಕು. ಅತಿನೇರಳೆ ಬೆಳಕಿನ ಸಣ್ಣ ಟಾರ್ಚು ಒಯ್ದರೆ ರಾತ್ರಿ ಚೇಳು ಹಸಿರಾಗಿ ಹೊಳೆಯುವುದನ್ನು ದೂರದಿಂದ ಮಕ್ಕಳಿಗೆ ತೋರಿಸಬಹುದು.

ಹೊರಡುವುದಕ್ಕೆ ಮೂರು ತಿಂಗಳು ಮೊದಲು ಅಭ್ಯಾಸ ಶುರುಮಾಡಿ, ಆದರೆ ಸಮತಟ್ಟಿನ ನಡಿಗೆಯಿಂದ ಇಲ್ಲಿಗೆ ಪ್ರಯೋಜನ ಕಡಿಮೆ. ಇಳಿಯುವುದನ್ನು ಅಭ್ಯಾಸ ಮಾಡಬೇಕು, ಭಾರ ಹೊತ್ತು ಮೆಟ್ಟಿಲಿಳಿದರೂ ಸರಿ. ಕೊನೆಯ ತಿಂಗಳಿನಲ್ಲಿ ಒಂದು ದಿನ ಪೂರ್ತಿ ಚೀಲಗಳೊಂದಿಗೆ 900 ಮೀಟರ್ ಏರುವ ಜಾಗಕ್ಕೆ ಹೋಗಿ, ಮರುದಿನ ಬೆಳಿಗ್ಗೆ ಮತ್ತೆ ಮೂರು ಗಂಟೆ ನಡೆಯಿರಿ. ಆ ಎರಡನೆಯ ಬೆಳಿಗ್ಗೆ ಮಗ ನಗುತ್ತ ಎದ್ದರೆ ತಳಕ್ಕೆ ಹೋಗಬಹುದು. ಅತ್ತರೆ ನದಿಯನ್ನು ಬಿಟ್ಟು, ಬ್ರೈಟ್ ಏಂಜೆಲ್ ದಾರಿಯಲ್ಲಿಯೇ ಇಳಿದು ಹವಸುಪಾಯಿ ಗಾರ್ಡನ್ಸ್‌ನಲ್ಲಿ ಎರಡು ರಾತ್ರಿ ಕಳೆದು ಬನ್ನಿ. ಅದನ್ನು ಅರ್ಧ ಪ್ರವಾಸವೆಂದು ಭಾವಿಸುವವರು ಪ್ಲಾಟೊ ಪಾಯಿಂಟಿನಲ್ಲಿ ಸಂಜೆ ಕಂಡಿಲ್ಲ. ಪರವಾನಗಿಯ ಅರ್ಜಿಗೆ ಗಡುವು ಅಭ್ಯಾಸಕ್ಕಿಂತ ಮೊದಲೇ ಬರುವುದರಿಂದ, ಸಂದೇಹವಿದ್ದರೆ ಆರಂಭದಲ್ಲಿಯೇ ಈ ಎರಡನೆಯದಕ್ಕೆ ಅರ್ಜಿ ಹಾಕುವುದು ಜಾಣತನ.

ಇನ್ನು ನಿಮ್ಮ ತಾಯಿಯವರು. 66 ವರ್ಷ ದೊಡ್ಡ ವಯಸ್ಸೇನಲ್ಲ, ಅವರಿಗಿಂತ ಹಿರಿಯರು ತಳಕ್ಕೆ ಹೋಗಿ ಬಂದಿದ್ದಾರೆ. ನನ್ನ ಹಿಂಜರಿಕೆಗೆ ಕಾರಣ ಬೇರೆ: ಇಬ್ಬರು ದೊಡ್ಡವರು ಇಬ್ಬರು ಮಕ್ಕಳ ಮೇಲೆ ಕಣ್ಣಿಟ್ಟಿರಬೇಕಾದ ಗುಂಪಿನಲ್ಲಿ ಐದನೆಯವರ ಮಂಡಿ ಸೋತರೆ ಒಬ್ಬರು ಅವರೊಂದಿಗೆ ಉಳಿದು, ಇನ್ನೊಬ್ಬರು ಮಕ್ಕಳೊಂದಿಗೆ ನಡೆದು, ಗುಂಪು ಒಡೆಯುತ್ತದೆ. ಅವರು ಅಂಚಿನ ಮೇಲಿನ ವಸತಿಗೃಹದಲ್ಲಿ ಇರಲಿ. ಹೆಚ್ಚುಪಾಲು ಸಮತಟ್ಟಾಗಿರುವ ರಿಮ್ ಟ್ರೇಲ್, ಉಚಿತ ಬಸ್ಸು, ಊಟದ ಮನೆಗಳು ಎಲ್ಲ ಹತ್ತಿರದಲ್ಲಿಯೇ ಇವೆ. ಎತ್ತರ 2,100 ಮೀಟರ್ ಇರುವುದರಿಂದ ರಕ್ತದೊತ್ತಡ, ಹೃದಯದ ತೊಂದರೆಯಿದ್ದರೆ ವೈದ್ಯರನ್ನು ಮೊದಲೇ ಕೇಳಿ. ಮೂರು ರಾತ್ರಿ ಒಬ್ಬರೇ ಇರಲು ಅವರಿಗೆ ಮನಸ್ಸಿಲ್ಲದಿದ್ದರೆ ಎರಡು ರಾತ್ರಿಯ ಸಣ್ಣ ಪ್ರವಾಸವನ್ನೇ ಆಯ್ದುಕೊಳ್ಳಿ.

ಅವರಿಗೆ ಒಪ್ಪಿಸಬೇಕಾದ ಕೆಲಸ ಇದು. ಯಾವ ದಿನ ಯಾವ ದಾರಿ, ಯಾವ ಶಿಬಿರತಾಣ, ಪರವಾನಗಿಯ ಸಂಖ್ಯೆ, ನಿಮ್ಮ ಟೆಂಟು ಮತ್ತು ಚೀಲಗಳ ಬಣ್ಣ, ನಾಲ್ಕನೆಯ ದಿನ ಮೇಲೆ ಬರುವ ಸಮಯ, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ತುರ್ತು ಕರೆಯ 911ನ್ನು ದಪ್ಪಗೆ ನಮೂದಿಸಿ ಅವರ ಕೈಗೆ ಕೊಡಿ. ನೀವು ಮಧ್ಯಾಹ್ನ ಒಂದಕ್ಕೆ ಬರುವ ಅಂದಾಜಿದ್ದರೆ ಹಾಳೆಯಲ್ಲಿ ಸಂಜೆ ಆರು ಎಂದು ಬರೆಯಿರಿ. ಆರರವರೆಗೆ ಅವರು ಗಾಬರಿಯಾಗಬೇಕಿಲ್ಲ, ಆರು ಕಳೆದ ಮೇಲೆ ಸಂಕೋಚಪಡದೆ ಕರೆ ಮಾಡಬೇಕು. ಆ ದಿನ ಅವರು ಬ್ರೈಟ್ ಏಂಜೆಲ್ ದಾರಿಯ ತುದಿಗೆ ಬಂದು ಕಾಯುವಾಗ ಎಲ್ಲರ ಚಪ್ಪಲಿಗಳನ್ನು ಒಂದು ಚೀಲದಲ್ಲಿ ತಂದಿರಲಿ. ಮೇಲೆ ಬಂದವರು ಮೊದಲು ಕೇಳುವುದು ಅದನ್ನೇ.